ಕುರ್ಚಿ ಹೊರಲು ನಾಲ್ಕು ಜನ

ನಮ್ಮ ಅಂಗಳದಿಂದ ಮೇಲಿನ ರಸ್ತೆಗೆ 94 ಮೆಟ್ಟಿಲು. ಮುರಕಲ್ಲನ್ನೇ ಕಡಿದು ಮಾಡಿದ್ದು, ಮಾವನ ಕಾಲದ್ದು. ಮದುವೆಯಾಗಿ ಬಂದ ಮೇಲೆ ಇಪ್ಪತ್ತೇಳು ವರ್ಷ ಇದೇ ಮೆಟ್ಟಿಲು ಹತ್ತಿ ಇಳಿದಿದ್ದೇನೆ. ಆದರೆ ಎಷ್ಟಿವೆ ಎಂದು ಎಣಿಸಿದ್ದು ಮೂರು ವರ್ಷದ ಹಿಂದೆ, ಜೋರು ಮಳೆಯ ಆಟಿ ತಿಂಗಳ ಒಂದು ರಾತ್ರಿ ಕಳೆದ ಮೇಲೆ.

ಕಾಸರಗೋಡಿನ ಬದಿಯಡ್ಕದಿಂದ ಒಳಗೆ ಹೋದರೆ ಸಿಗುವ ಹಲವು ಬೈಲುಗಳಲ್ಲಿ ನಮ್ಮದೂ ಒಂದು. ಕೆಳಗೆ ನೀರು ಹರಿಯುವ ತೋಡು, ತೋಡಿನ ಆಚೀಚೆ ಅಡಿಕೆ ತೋಟ, ತೋಟದ ತಲೆಯ ಮೇಲೆ ಮನೆ, ಮನೆಯ ಹಿಂದೆ ಗುಡ್ಡ. ಬೇಸಿಗೆಯಲ್ಲಿ ಜೀಪು ಸುತ್ತು ಬಳಸಿ ಅಂಗಳದವರೆಗೂ ಬರುತ್ತದೆ. ಆ ವರ್ಷ ಜುಲೈಯಲ್ಲಿ ಮಣ್ಣಿನ ದಾರಿಯ ಒಂದು ತಿರುವು ಜರಿದು ತೋಟಕ್ಕೆ ಬಿದ್ದಿತ್ತು. ಮಳೆ ನಿಂತ ಮೇಲೆ ಸರಿ ಮಾಡಿಸಿದರಾಯಿತು ಎಂದು ಎಲ್ಲರೂ ಸುಮ್ಮನಿದ್ದೆವು.

ರಾತ್ರಿ ಒಂದೂವರೆಗೆ ಮಾವ ಕರೆದರು. ಕರೆದರು ಅಂದರೆ ಊರುಗೋಲಿನಿಂದ ಗೋಡೆಗೆ ಬಡಿದರು. ಮಾತಾಡಲು ಉಸಿರು ಸಾಲುತ್ತಿರಲಿಲ್ಲ. ಮಲಗಿಸಿದರೆ ಇನ್ನೂ ಕಷ್ಟ, ಕೂರಿಸಿದರೆ ಸ್ವಲ್ಪ ಪರವಾಗಿಲ್ಲ. ಕರೆಂಟು ಸಂಜೆಯೇ ಹೋಗಿತ್ತು. 108ಕ್ಕೆ ಫೋನು ಸಿಕ್ಕಿದ್ದೇ ಪುಣ್ಯ. ಗಾಡಿ ಬರುತ್ತದೆ, ಆದರೆ ಮೇಲಿನ ರಸ್ತೆಯವರೆಗೆ ಮಾತ್ರ. ಅಲ್ಲಿಗೆ ನಾವು ಮುಟ್ಟಿಸಬೇಕು.

ಮುಟ್ಟಿಸುವವರು ಯಾರು? ಇವರು ಬೆನ್ನಿನ ಡಿಸ್ಕ್ ಆಪರೇಷನ್ ಆಗಿ ಎರಡು ವರ್ಷ ಆದವರು. ಮಗ ಬೆಂಗಳೂರಿನಲ್ಲಿ. ಪಕ್ಕದ ಮನೆಯ ಇಚ್ಚನಿಗೆ 58, ಅವರ ಇಬ್ಬರು ಗಂಡು ಮಕ್ಕಳೂ ದುಬೈಯಲ್ಲಿ. ಗುಡ್ಡದ ಮೇಲಿನ ಮನೆಯ ರಬ್ಬರ್ ಟ್ಯಾಪಿಂಗಿನ ಅಣ್ಣ 64 ದಾಟಿದವರು. ಇನ್ನು ನಾನು. ಆಗ ನನಗೆ 49. ಮೆಟ್ಟಿಲಿನಲ್ಲಿ ನಿಂತು ಲೆಕ್ಕ ಹಾಕಿದರೆ ನಾಲ್ವರಲ್ಲಿ ನಾನೇ ಚಿಕ್ಕವಳು!

ಜಗಲಿಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಾವನನ್ನು ಕೂರಿಸಿ, ಪಂಚೆಯಿಂದ ಸೊಂಟಕ್ಕೊಂದು ಕಟ್ಟು ಹಾಕಿ ಹೊರಟೆವು. ಇಚ್ಚನ ಹೆಂಡತಿ ಟಾರ್ಚು ಹಿಡಿದು ಮುಂದೆ. ನನ್ನ ಪಾಲಿಗೆ ಕುರ್ಚಿಯ ಹಿಂದಿನ ಬಲಗಾಲು. ಮಾವ ಆಗ 58 ಕೆಜಿ. ನಾಲ್ಕು ಜನಕ್ಕೆ ಹಂಚಿದರೆ ಹದಿನೈದೂ ಆಗುವುದಿಲ್ಲ, ಅಲ್ವಾ? ಹಾಗೆಂದು ಕಾಗದದ ಮೇಲೆ ಹೇಳಬಹುದು. ಮೆಟ್ಟಿಲು ಹತ್ತುವಾಗ ಕುರ್ಚಿ ಹಿಂದಕ್ಕೆ ವಾಲುತ್ತದೆ, ಭಾರವೆಲ್ಲ ಕೆಳಗಿದ್ದವರ ಮೇಲೆ ಬರುತ್ತದೆ. ಮಳೆಗೆ ಪ್ಲಾಸ್ಟಿಕ್ ಜಾರುತ್ತದೆ. ಕಲ್ಲಿನ ಮೇಲೆ ಪಾಚಿ.

ನಾನು ತಿಳಿದುಕೊಂಡದ್ದು ಏದುಸಿರು ಬಂದು ನಿಲ್ಲುತ್ತೇನೆ ಎಂದು. ಹಾಗಾಗಲಿಲ್ಲ. ಮೊದಲು ಸೋತದ್ದು ಬೆರಳು. ಕುರ್ಚಿಯ ಕಾಲಿನ ಅಂಚು ಕೈಗೆ ಒತ್ತಿ ಒತ್ತಿ, ಬೆರಳುಗಳು ನನ್ನನ್ನು ಕೇಳದೆ ತಾವಾಗಿ ಬಿಚ್ಚಿಕೊಳ್ಳತೊಡಗಿದವು. ಆಮೇಲೆ ತೊಡೆ ನಡುಗಿತು. ಉಸಿರಿನ ಸರದಿ ಕಡೆಗೆ. "ಇಳಿಸಿ ಇಳಿಸಿ" ಎಂದು ಮೊದಲು ಕೂಗಿದವಳು ನಾನೇ. ಏಳು ಸಲ ನಿಂತೆವು. ಮೂರನೇ ಸಲ ನಿಂತಾಗ ಮಾವ ನನ್ನ ಕಡೆ ತಿರುಗಿ, ಒಂದೊಂದೇ ಪದ ಜೋಡಿಸಿ, "ನಾನು ನಡೀತೇನೆ" ಅಂದರು.

ಉಸಿರಾಡಲು ಆಗದ 81ರ ಮನುಷ್ಯ ನನ್ನ ಅವಸ್ಥೆ ನೋಡಿ ಹೇಳಿದ ಮಾತು ಅದು.

ಮಂಗಳೂರು ಮುಟ್ಟಿದೆವು. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಆರು ದಿನದಲ್ಲಿ ಮನೆಗೆ ಬಂದರು. ಈಗ ಮಾತ್ರೆ, ಉಪ್ಪಿನ ಪಥ್ಯ, ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡುವುದು. ಚೆನ್ನಾಗಿದ್ದಾರೆ. ನನ್ನ ಮನಸ್ಸು ಮಾತ್ರ ಆ ಮೂರನೇ ನಿಲುಗಡೆಯಿಂದ ಸುಮಾರು ದಿನ ಮೇಲೆ ಹತ್ತಲೇ ಇಲ್ಲ.

ಒಂದು ವಿಷಯ ಹೇಳಬೇಕು. ತಯಾರಿ ಇಲ್ಲದ ಮನೆ ನಮ್ಮದಲ್ಲ. 2018 ಮತ್ತು 2019ರ ಮಳೆಗಾಲ ಕಂಡ ಮೇಲೆ ನಾನು ಕೈಗೆ ಸಿಕ್ಕಿದ್ದನ್ನೆಲ್ಲ ಕೂಡಿಟ್ಟವಳು. ಮಳೆ ಎಚ್ಚರಿಕೆ ಬಂದಾಗಲೆಲ್ಲ ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರ ಎಮರ್ಜೆನ್ಸಿ ಕಿಟ್ ಸಿದ್ಧ ಇಟ್ಟುಕೊಳ್ಳಿ ಎನ್ನುತ್ತದಲ್ಲ, ಅದನ್ನು ಅಕ್ಷರಶಃ ಪಾಲಿಸಿದ್ದೆ. ಟಾರ್ಚು, ರೇಡಿಯೋ, ಹಗ್ಗ, ಟಾರ್ಪಾಲು, ಮಾತ್ರೆ, ಅವಲಕ್ಕಿ, ಬೆಲ್ಲ, ನೀರಿನ ಬಾಟಲಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ರೇಷನ್ ಕಾರ್ಡು ಮತ್ತು ಆಧಾರ್. ಎಲ್ಲ ಒಂದು ಚೀಲದಲ್ಲಿ, ಬಾಗಿಲ ಹಿಂದೆ. ಮಾವ ಆಸ್ಪತ್ರೆಯಿಂದ ಬಂದ ಮರುದಿನ ಆ ಚೀಲವನ್ನು ಅವರ ತೂಕದ ಯಂತ್ರದ ಮೇಲೆ ಇಟ್ಟು ನೋಡಿದೆ. 11 ಕೆಜಿ. ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದೆ. ಮೂವತ್ತನೆಯದರಲ್ಲಿ ನಿಂತು, ಯಾರಾದರೂ ನೋಡಿಯಾರು ಎಂದು ಹಲಸಿನ ಮರದಲ್ಲಿ ಏನೋ ಹುಡುಕುವವಳ ಹಾಗೆ ಮಾಡಿದೆ. ಆಗಸ್ಟಿನಲ್ಲಿ ಎಂತ ಹಲಸು! ಚೀಲ ತಯಾರಿತ್ತು, ಅದನ್ನು ಹೊರುವವಳು ತಯಾರಿರಲಿಲ್ಲ.

ಆಂಬುಲೆನ್ಸು ಉಂಟು, ಆಸ್ಪತ್ರೆ ಉಂಟು, ಮತ್ತೇಕೆ ಇಷ್ಟು ತಲೆಬಿಸಿ ಎಂದು ಕೇಳಬಹುದು. ನಮ್ಮ ಕಡೆಯವರು ಕೇಳುವುದಿಲ್ಲ. ಕಾಸರಗೋಡಿನ ಉತ್ತರ ಭಾಗದ ನಮಗೆ ದೊಡ್ಡ ಆಸ್ಪತ್ರೆ ಅಂದರೆ ತಲೆತಲಾಂತರದಿಂದ ಮಂಗಳೂರು. ಹೆರಿಗೆಗೂ ಅಲ್ಲಿಗೆ, ಹಾರ್ಟಿಗೂ ಅಲ್ಲಿಗೆ. 2020ರ ಮಾರ್ಚಿನಲ್ಲಿ ಕೋವಿಡ್ ಎಂದು ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿತು. ಒಳದಾರಿಗಳಿಗೆ ಟಿಪ್ಪರಿನಲ್ಲಿ ಮಣ್ಣು ತಂದು ಸುರಿದರು. ಆಸ್ಪತ್ರೆ ಮುಟ್ಟಲಾಗದೆ ಜನ ಸತ್ತರು, ವಿಷಯ ಹೈಕೋರ್ಟಿಗೂ ಹೋಯಿತು. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಕಟ್ಟಡವನ್ನು ಆ ಏಪ್ರಿಲಿನಲ್ಲಿ ಗಡಿಬಿಡಿಯಿಂದ ಕೋವಿಡ್ ಆಸ್ಪತ್ರೆ ಮಾಡಿದರು. 1956ರಲ್ಲಿ ರಾಜ್ಯಗಳನ್ನು ವಿಂಗಡಿಸುವಾಗ ನಕ್ಷೆಯ ಮೇಲೆ ಎಳೆದ ಗೆರೆ ಮಣ್ಣಿನ ರಾಶಿಯಾಗಿ ರಸ್ತೆಯ ಮೇಲೆ ಬಂದು ಕೂತದ್ದನ್ನು ನಾವು ಕಂಡೆವು. ಅಂದಿನಿಂದ "ಗಾಡಿ ಬರುತ್ತದೆ" ಎನ್ನುವ ಮಾತಿನ ಹಿಂದೆ "ಬಂದರೆ" ಎಂದು ಮನಸ್ಸಿನಲ್ಲೇ ಸೇರಿಸಿಕೊಳ್ಳುವ ಅಭ್ಯಾಸ ಆಗಿದೆ.

ಮಾವ ಹೇಳುವ ಪ್ರಕಾರ ಹಿಂದೆ ಜನಕ್ಕೆ ಬರ ಇರಲಿಲ್ಲ. ಬಿದಿರಿಗೆ ಕಂಬಳಿ ಕಟ್ಟಿ, ಎಂಟು ಜನ ಸರದಿಯಲ್ಲಿ ಹೊತ್ತು, ಗುಡ್ಡ ದಾಟಿಸುತ್ತಿದ್ದರಂತೆ. ಈಗ ಬೈಲಿನಲ್ಲಿ ಏಳು ಮನೆ, ಹತ್ತೊಂಬತ್ತು ಜನ. ಐವತ್ತರ ಕೆಳಗಿನವರು ಮೂರೇ ಜನ, ಅದರಲ್ಲಿ ಇಬ್ಬರು ನಾನು ಟೀಚರಾಗಿರುವ ಶಾಲೆಯ ಮಕ್ಕಳು. ಮಿಕ್ಕವರೆಲ್ಲ ಬೆಂಗಳೂರು, ದುಬೈ, ಕತಾರ್. ಅಡಿಕೆಗೆ ಮದ್ದು ಬಿಡಲಿಕ್ಕೂ ಜನ ಇಲ್ಲ, ಕುರ್ಚಿಗೆ ಎಲ್ಲಿಂದ ಬರಬೇಕು? ಪೇಟೆಯಲ್ಲಿ ಐವತ್ತಕ್ಕೆ ಮಧ್ಯವಯಸ್ಸು ಎನ್ನುತ್ತಾರೆ. ನಮ್ಮ ಬೈಲಿನಲ್ಲಿ ಅದಕ್ಕೆ ಯೌವನ ಎಂದೇ ಹೆಸರಿಡಬೇಕು.

ಹಾಗೆ ಶುರುವಾಯಿತು. ತೆಳ್ಳಗಾಗಲು ಅಲ್ಲ, ಸೀರೆ ಚೆಂದ ಕಾಣಲಿ ಎಂದೂ ಅಲ್ಲ. ಕುರ್ಚಿಯ ಹಿಂದಿನ ಬಲಗಾಲನ್ನು 94 ಮೆಟ್ಟಿಲು ಹೊರಬೇಕು, ಅಷ್ಟೇ.

ಮೊದಲ ತಿಂಗಳು ಬರೇ ಮೆಟ್ಟಿಲು. ಬೆಳಿಗ್ಗೆ ಎರಡು ಸಲ, ಶಾಲೆಯಿಂದ ಬಂದು ಒಂದು ಸಲ. ಊರಿನಲ್ಲಿ ಕೆಲಸವಿಲ್ಲದೆ ಯಾರೂ ಮೆಟ್ಟಿಲು ಹತ್ತುವುದಿಲ್ಲ. ಹಾಗಾಗಿ ವಾರದೊಳಗೆ ಸುದ್ದಿಯಾಯಿತು. "ಟೀಚರಿಗೆ ಶುಗರ್ ಅಂತೆ." ಅಂಗಡಿಯಲ್ಲಿ ಒಬ್ಬರು ಹಾಗಲಕಾಯಿ ರಸದ ಬಗ್ಗೆ ಹೇಳಿದರು, ಇನ್ನೊಬ್ಬರು ಅಮೃತಬಳ್ಳಿ ತಂದೇ ಕೊಟ್ಟರು. ಶುಗರ್ ಇಲ್ಲ ಎಂದರೆ ನಂಬುವವರಿಲ್ಲ. ಕಾಯಿಲೆ ಇಲ್ಲದವರೂ ನಡೆಯಬಹುದು ಎನ್ನುವುದು ನಮ್ಮ ಊರಿಗೆ ಇನ್ನೂ ಬಂದು ಮುಟ್ಟಿಲ್ಲ.

ನನಗೇನೂ ದೊಡ್ಡ ಜ್ಞಾನ ಇರಲಿಲ್ಲ. ಓದಿ, ಕೇಳಿ ತಿಳಿದುಕೊಂಡೆ. ಮೂವತ್ತು ದಾಟಿದ ಮೇಲೆ ಸುಮ್ಮನೆ ಬಿಟ್ಟರೆ ಹತ್ತು ವರ್ಷಕ್ಕೆ 3ರಿಂದ 8 ಶೇಕಡದಷ್ಟು ಮಾಂಸಖಂಡ ಕರಗುತ್ತದಂತೆ, ಅರವತ್ತರ ಮೇಲೆ ಇನ್ನೂ ಬೇಗ. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಮೂಳೆಯೂ ಸವೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕಡಿಮೆಯೆಂದರೆ 150 ನಿಮಿಷ ಬಿರುಸಿನ ನಡಿಗೆಯಂಥದ್ದು ಬೇಕು ಎನ್ನುತ್ತದೆ. ಅದರ ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಭಾರದ ಕೆಲಸವೂ ಬೇಕು. ಈ ಎರಡನೆಯದನ್ನು ನಮಗೆ ಯಾರೂ ಹೇಳುವುದೇ ಇಲ್ಲ. ವಾಕಿಂಗ್ ಮಾಡಿ, ವಾಕಿಂಗ್ ಮಾಡಿ ಎನ್ನುತ್ತಾರೆ. ವಾಕಿಂಗಿನಿಂದ ಬೆರಳಿಗೆ ಹಿಡಿತ ಬರುವುದಿಲ್ಲ.

ಭಾರಕ್ಕೆ ನಾನು ಜಿಮ್ಮಿಗೆ ಹೋಗಲಿಲ್ಲ. ಹಿಡಿಕೆ ಇರುವ ಎರಡು ಕ್ಯಾನು ಸಿಕ್ಕಿದವು. ಒಂದು ಲೀಟರ್ ನೀರಿಗೆ ಒಂದು ಕೆಜಿ, ಇದಕ್ಕಿಂತ ಸುಲಭದ ಲೆಕ್ಕ ಇಲ್ಲ. ಕೈಗೆ ಐದೈದು ಲೀಟರಿನಿಂದ ಶುರು. ಬಾವಿಕಟ್ಟೆಯಿಂದ ಹಟ್ಟಿಗೆ, ಹಟ್ಟಿಯಿಂದ ಬಾವಿಕಟ್ಟೆಗೆ. ಎರಡು ವಾರಕ್ಕೊಮ್ಮೆ ಒಂದೊಂದು ಲೀಟರ್ ಜಾಸ್ತಿ. ಇವರು ಜಗಲಿಯಲ್ಲಿ ಪೇಪರ್ ಓದುತ್ತಾ, "ನೀರು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ. ಕೊನೆಗೆ ಅದು ಎಲ್ಲಿ ಇರಬೇಕು?" ಎಂದು ಕೇಳಿದರು. ಈಗ ಅವರೂ ಫಿಸಿಯೋಥೆರಪಿಯವರು ಹೇಳಿದಷ್ಟು, ಮೂರು ಮೂರು ಲೀಟರ್ ಹಿಡಿದು ನಡೆಯುತ್ತಾರೆ. ಆ ಪ್ರಶ್ನೆ ಮತ್ತೆ ಬರಲಿಲ್ಲ.

ಪಂಪು ಇದ್ದರೂ ಬಾವಿಯ ರಾಟೆಗೆ ಮತ್ತೆ ಹಗ್ಗ ಹಾಕಿಸಿದೆ. ದಿನಕ್ಕೆ ಹದಿನೈದು ಕೊಡಪಾನ. ಮಳೆಗಾಲದಲ್ಲಿ ಮೂರು ದಿನ ಕರೆಂಟು ಇಲ್ಲದಿದ್ದಾಗ ಅದರಿಂದಲೇ ಸ್ನಾನ, ಅಡುಗೆ, ದನಕ್ಕೆ ನೀರು ಎಲ್ಲ ನಡೆಯಿತು. ಬೆರಳು ಗಟ್ಟಿಯಾದದ್ದು ಈ ಹಗ್ಗದಿಂದಲೇ ಎಂದು ನನ್ನ ನಂಬಿಕೆ.

ಹೀಗೆ ಹೇಳಿದರೆ "ಹಿಂದಿನವರು ಅದಕ್ಕೇ ಗಟ್ಟಿ ಇದ್ದದ್ದು" ಎಂದು ತಕ್ಷಣ ಯಾರಾದರೂ ಹಾಡು ಶುರು ಮಾಡುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ನನ್ನ ಅಮ್ಮ ನೀರು ಸೇದಿ, ಒರಳಲ್ಲಿ ಅರೆದು, ಸೊಪ್ಪಿನ ಹೊರೆ ಹೊತ್ತು, ಅರವತ್ತಕ್ಕೆ ನೆಟ್ಟಗೆ ನಿಲ್ಲಲಾರದೆ ಗೋಡೆ ಹಿಡಿದು ನಡೆಯುತ್ತಿದ್ದಳು. ಅವಳು ಮಾಡಿದ್ದು ವ್ಯಾಯಾಮ ಅಲ್ಲ, ಸವೆತ. ಜ್ವರ ಇದ್ದರೂ ಮಾಡಬೇಕು, ಹೆರಿಗೆಯಾಗಿ ತಿಂಗಳಾಗದಿದ್ದರೂ ಮಾಡಬೇಕು, ಹೊಟ್ಟೆಗೆ ಕಡೆಗೆ ಉಳಿದದ್ದು. ನಾನು ಹದಿನೈದು ಕೊಡ ಸೇದಿ ನಿಲ್ಲಿಸಬಹುದು, ಮೊಟ್ಟೆ ಬೇಯಿಸಿ ತಿನ್ನಬಹುದು, ಭಾನುವಾರ ಕಾಲು ಚಾಚಿ ಕೂರಬಹುದು. ವ್ಯತ್ಯಾಸ ಅಲ್ಲಿದೆ.

ಎಡವಿದ್ದೂ ಉಂಟು. ಮೂರನೇ ತಿಂಗಳಲ್ಲಿ ಸ್ವಲ್ಪ ಹೆಮ್ಮೆ ಬಂತು. ಗೊಬ್ಬರದ 25 ಕೆಜಿ ಚೀಲವನ್ನು ಯಾರನ್ನೂ ಕರೆಯದೆ, ಬೆನ್ನು ಬಗ್ಗಿಸಿ ಒಂದೇ ಸಲ ಎತ್ತಲು ಹೋದೆ. ಸೊಂಟದಲ್ಲಿ ಚಳಕ್ ಎಂದಿತು. ಹತ್ತು ದಿನ ಶಾಲೆಗೆ ರಜೆ. ಮನೆಯಲ್ಲಿ ಬೆನ್ನಿನ ರೋಗಿ ಎರಡಾಯಿತು. ಇವರ ಬೆನ್ನು ನೋಡುತ್ತಿದ್ದ ಫಿಸಿಯೋಥೆರಪಿಯವರೇ ನನಗೂ ಎತ್ತುವುದು ಹೇಗೆಂದು ಹೇಳಿಕೊಟ್ಟರು. ಭಾರದ ಹತ್ತಿರ ಹೋಗಿ ನಿಲ್ಲಬೇಕು, ಕೈ ಚಾಚಿ ಎತ್ತಬಾರದು. ಬೆನ್ನು ನೆಟ್ಟಗಿರಬೇಕು, ಬಗ್ಗುವುದು ಸೊಂಟದ ಕೀಲಿನಲ್ಲಿ ಮತ್ತು ಮೊಣಕಾಲಿನಲ್ಲಿ. ಎತ್ತಿದ ಮೇಲೆ ಸೊಂಟ ತಿರುಚಬಾರದು, ಪಾದ ತಿರುಗಿಸಬೇಕು. ಮೊದಲು ಬರೇ ಕೋಲು ಹಿಡಿದು ಇಪ್ಪತ್ತು ಸಲ ಮಾಡಿಸಿದರು. ಐವತ್ತರ ಹತ್ತಿರ ಬಂದು ಬಗ್ಗುವುದನ್ನು ಕಲಿತೆ. ಬಿಪಿ, ಶುಗರ್, ಇಸಿಜಿ ನೋಡಿಸದೆ ಶುರು ಮಾಡಿದ್ದಕ್ಕೆ ಡಾಕ್ಟರು ಬೈದದ್ದೂ ಆಗಲೇ. ಬೈದದ್ದು ಸರಿಯೇ.

ಉಳಿದದ್ದು ಸಣ್ಣಪುಟ್ಟದ್ದು. ಹಲ್ಲುಜ್ಜುವಾಗ ಒಂಟಿ ಕಾಲಿನಲ್ಲಿ ನಿಲ್ಲುವುದು. ಮೊದಲ ದಿನ ಆರು ಎಣಿಸುವಷ್ಟರಲ್ಲಿ ಬೇಸಿನ್ ಹಿಡಿದೆ. ತೋಡಿನ ಅಡಿಕೆ ಮರದ ಸಂಕ ದಾಟುವಾಗ ಈಗ ಕೈಗೆ ಹಗ್ಗ ಬೇಡ. ನೆಲದಿಂದ ಕೈ ಊರದೆ ಏಳುವುದಕ್ಕೆ ಎಂಟು ತಿಂಗಳು ಹಿಡಿಯಿತು. ಗ್ರಾನೈಟ್ ಕಟ್ಟೆ, ಡೈನಿಂಗ್ ಟೇಬಲ್ಲು, ಮೇಲೆ ಕೂರುವ ಕಮೋಡು ಎಲ್ಲ ಸೇರಿ ನಮ್ಮನ್ನು ನೆಲ ಮುಟ್ಟದ ಜನ ಮಾಡಿಬಿಟ್ಟಿವೆ. ಬಿದ್ದಾಗ ಮಾತ್ರ ಮುಟ್ಟುತ್ತೇವೆ, ಆಗ ಏಳಲು ಗೊತ್ತಿರುವುದಿಲ್ಲ.

ಶಾಲೆಯಲ್ಲಿ ಒಮ್ಮೆ ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತುವುದರ ತರಬೇತಿ ಇಟ್ಟಿದ್ದರು. ಎದೆಯ ನಡುವೆ, ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರಿನಷ್ಟು ಆಳಕ್ಕೆ ಒತ್ತಬೇಕು. ಹೇಳುವಾಗ ಸುಲಭ. ಗೊಂಬೆಯ ಮೇಲೆ ಒತ್ತಿದಾಗ ನಮ್ಮ ಸ್ಟಾಫ್ ರೂಮಿನ ಅರ್ಧಕ್ಕರ್ಧ ಜನ ಒಂದು ನಿಮಿಷಕ್ಕೆ ಸುಸ್ತು. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಯಿಸಿ ಎಂದು ಕಲಿಸುವುದೇ ಅದಕ್ಕೆ. ಸುಸ್ತಾದವರ ಒತ್ತು ಆಳಕ್ಕೆ ಇಳಿಯುವುದಿಲ್ಲ. ನಮ್ಮ ಬೈಲಿಗೆ ಆಂಬುಲೆನ್ಸು ಬರಲು ಎಷ್ಟು ಬೇಗವೆಂದರೂ ಅರ್ಧ ಗಂಟೆ. ಬದಲಾಯಿಸಲು ಆಳು ಎಲ್ಲಿ? ಅಂದು ಸಂಜೆ ಇಚ್ಚನ ಹೆಂಡತಿಗೆ ದಿಂಬಿನ ಮೇಲೆ ಕೈ ಇಡಿಸಿ ಕಲಿಸಿದೆ. ದಿಂಬು ಹರಿಯಿತು, ಮನೆಯೆಲ್ಲ ಹತ್ತಿ.

2024ರ ಜುಲೈ 30ರ ಬೆಳಗಿನ ಜಾವ ವಯನಾಡಿನ ಮುಂಡಕ್ಕೈ, ಚೂರಲ್ಮಲದಲ್ಲಿ ಗುಡ್ಡ ಜರಿದಾಗ ನಾವೆಲ್ಲ ಟಿವಿ ಮುಂದೆ ಕೂತಿದ್ದೆವು. ನಮ್ಮ ಹಿಂದೆಯೂ ಗುಡ್ಡ ಉಂಟಲ್ಲ. ಹೊಳೆಯ ಸೇತುವೆ ಕೊಚ್ಚಿಹೋಗಿತ್ತು. ನೀಲಗಿರಿಯ ಗೂಡಲೂರಿನ ನರ್ಸ್ ಒಬ್ಬರು ಹೊಳೆಯ ಮೇಲೆ ಕಟ್ಟಿದ ಹಗ್ಗಕ್ಕೆ ಜೋತುಬಿದ್ದು ಆಚೆ ದಾಟಿ ಗಾಯಾಳುಗಳಿಗೆ ಮದ್ದು ಕಟ್ಟಿದರು. ಆಮೇಲೆ ತಮಿಳುನಾಡು ಸರಕಾರ ಅವರಿಗೆ ಪ್ರಶಸ್ತಿ ಕೊಟ್ಟಿತು. ಎಲ್ಲರೂ ಅವರ ಧೈರ್ಯ ಹೊಗಳಿದರು. ನಾನು ನೋಡಿದ್ದು ಹಗ್ಗ ಹಿಡಿದ ಕೈಯನ್ನು.

ಮೂರು ವರ್ಷದಲ್ಲಿ ಪ್ರಳಯವೇನೂ ಆಗಲಿಲ್ಲ. ಆಗದಿರಲಿ. ಜರಿದ ತಿರುವಿಗೆ ಕಲ್ಲು ಕಟ್ಟಿಸಿದೆವು, ಆದರೂ ದೊಡ್ಡ ಮಳೆಗೆ ಅದನ್ನು ನಂಬುವುದಿಲ್ಲ. ಪ್ಲಾಸ್ಟಿಕ್ ಕುರ್ಚಿಯ ಬದಲು ಅಟ್ಟದಲ್ಲಿದ್ದ ಮರದ ಕೈಕುರ್ಚಿ ಇಳಿಸಿ, ಕೂರುವ ಹಲಗೆಯ ಕೆಳಗೆ ಎರಡು ಬಿದಿರು ಬಿಗಿದಿದ್ದೇವೆ. ಹಿಡಿಯುವ ಕಡೆ ಹಳೆ ಪಂಚೆ ಸುತ್ತಿದೆ. ಕೈಗೆ ಅಂಚು ಒತ್ತುವುದಿಲ್ಲ. ಒಬ್ಬರು ಸೋತರೆ ಇನ್ನೊಬ್ಬರು ನಡುವೆ ಕೈ ಹಾಕಲು ಜಾಗವೂ ಉಂಟು.

ಈ ಮೇ ಕೊನೆಯ ಭಾನುವಾರ, ಮಳೆ ಹಿಡಿಯುವ ಮೊದಲು, ಒಮ್ಮೆ ಹೊತ್ತು ನೋಡುವ ಎಂದು ಹೊರಟೆವು. ಇಚ್ಚ, ಅವರ ಹೆಂಡತಿ, ಟ್ಯಾಪಿಂಗಿನ ಅಣ್ಣ, ನಾನು. ಇವರಿಗೆ ಟಾರ್ಚು, ಎಣಿಸುವ ಕೆಲಸ ಮತ್ತು ಸಿಟ್ಟು. ಕುರ್ಚಿಯಲ್ಲಿ 50 ಕೆಜಿಯ ಅಕ್ಕಿ ಮೂಟೆ ಇಟ್ಟು ಕಟ್ಟುತ್ತಿದ್ದೆ. ಮಾವ ಜಗಲಿಯಿಂದ ನೋಡುತ್ತಿದ್ದರು.

"ಅಕ್ಕಿ ಯಾಕೆ? ನಾನಿಲ್ಲವಾ?"

ಬೇಡ ಎಂದೆವು. ಕೇಳಲಿಲ್ಲ. ಬಿಳಿ ಅಂಗಿ ಹಾಕಿಕೊಂಡು, ಎಲೆಯಡಿಕೆ ಚೀಲ ಹಿಡಿದು, ಕೊಡೆ ಬಿಚ್ಚಿಕೊಂಡು ಬಂದು ಕೂತರು. ದಿಬ್ಬಣದ ಮದುಮಗನಿಗೂ ಅಷ್ಟು ಗತ್ತು ಇರುವುದಿಲ್ಲ.

ನನ್ನದು ಅದೇ ಹಿಂದಿನ ಬಲಬದಿ. ಮೂವತ್ತನೆಯ ಮೆಟ್ಟಿಲು ಬಂತು, ಹೋಯಿತು. ಹಲಸಿನ ಮರದ ಹತ್ತಿರ ಒಮ್ಮೆ ಇಳಿಸಿದೆವು, ಅದು ಟ್ಯಾಪಿಂಗಿನ ಅಣ್ಣನ ಬೀಡಿಗಾಗಿ. ಅರುವತ್ತರ ಮೇಲೆ ನನ್ನ ತೊಡೆ ಉರಿಯಿತು, ಬೆರಳು ಬಿಡಲಿಲ್ಲ. ಇನ್ನೊಮ್ಮೆ ಇಳಿಸಿದ್ದು ಎಂಬತ್ತರಲ್ಲಿ, ಇಚ್ಚನ ಚಪ್ಪಲಿಯ ಉಂಗುಷ್ಟ ಕಿತ್ತು. ಎರಡೇ ನಿಲುಗಡೆ. ಇವರ ಮೊಬೈಲಿನಲ್ಲಿ ಒಂಬತ್ತು ನಿಮಿಷ.

ರಸ್ತೆ ಬದಿಯ ಬಸ್ ಸ್ಟಾಪಿನ ನೆರಳಿನಲ್ಲಿ ಕುರ್ಚಿ ಇಟ್ಟೆವು. ಮಾವ ರಸ್ತೆಗೆ ಬಂದು ವರ್ಷ ಮೇಲಾಗಿತ್ತು. ಆಸ್ಪತ್ರೆಗೆ ಹೋಗುವಾಗ ಜೀಪು ಅಂಗಳಕ್ಕೇ ಬರುತ್ತದೆ, ಗಾಜಿನ ಒಳಗಿಂದ ಏನು ಕಾಣುತ್ತದೆ? ಎದುರಿನ ಗೂಡಂಗಡಿಗೆ ಹೊಸ ಬಣ್ಣ ಆದದ್ದನ್ನು ನೋಡಿದರು. ಬೈಕಿನಲ್ಲಿ ಹೋಗುತ್ತಿದ್ದ ಯಾರೋ ಗುರುತು ಹಿಡಿದು ನಿಲ್ಲಿಸಿದರು. ಅವರ ಹತ್ತಿರ ಅಡಿಕೆ ರೇಟು ಕೇಳಿದರು, ಅವರಪ್ಪ ಹೇಗಿದ್ದಾರೆ ಎಂದು ಕೇಳಿದರು.

"ಮಾವ, ಇಳಿಯುವನಾ?" ಎಂದೆ. ಇಳಿಸುವುದು ಹತ್ತಿಸುವುದಕ್ಕಿಂತ ಕಷ್ಟ, ಮೊಣಕಾಲಿಗೆ ಬೀಳುತ್ತದೆ. ನಮ್ಮ ಮೈ ಆರುವ ಮೊದಲು ಹೊರಟರೆ ಒಳ್ಳೆಯದಿತ್ತು.

"ಇರಿ," ಅಂದರು, ಎಲೆಗೆ ಸುಣ್ಣ ಸವರುತ್ತಾ. "ಹನ್ನೊಂದರ ಬಸ್ಸು ಹೋಗಲಿ."